ಅಕ್ಟೋಬರದಾಗ ಕೆಂಪು ಎಲಿ ಎಲ್ಲಿಂದ ತರೂಣ್ರಿ? ಹುಡುಗೂರ ಎಲಿ ಚಿತ್ರಕ್ಕ ಸಲಹಾ ಬೇಕಾಗೇತಿ

ಮಾಳಮಡ್ಡಿ ಅವ್ವ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದವ್ರು, ಹುಬ್ಬಳ್ಳಿಯವ್ರು, ಸುತ್ತಮುತ್ತಲಿನವ್ರು ಸ್ವಲ್ಪ ದಾರಿ ತೋರಸ್ರಿ. ನಮ್ಮ ಸಣ್ಣಾಕಿ ಮೂರನೇತ್ತ. ಅಕಿ ಸಾಲ್ಯಾಗ "ಎಲೆ ಉದುರುವ ಕಾಲ" ಅಂತ ಚಟುವಟಿಕಿ ಕೊಟ್ಟಾರ. ಹೊರಗ ಅಡ್ಡಾಡಕ್ಕ ಹೋಗಿ, ನೆಲಕ್ಕ ಬಿದ್ದದ್ದನ್ನ ಆರಿಸಿ ತಂದು, ದೊಡ್ಡ ಡ್ರಾಯಿಂಗ್ ಹಾಳಿ ಮ್ಯಾಲೆ ಚಿತ್ರ ಮಾಡಬೇಕಂತ. ದೀಪಾವಳಿ ಸೂಟಿ ಮುಗದ ಮ್ಯಾಲೆ ಒಪ್ಪಸೂದು. ಮಾದರಿಗೆ ಅಂತ ವಾಟ್ಸಾಪಿನ್ಯಾಗ ಒಂದು ಫೋಟೋ ಕಳಿಸ್ಯಾರ. ಪೂರಾ ಕೆಂಪು, ಕೇಸರಿ ಮೇಪಲ್ ಎಲಿ, ಮೂಲ್ಯಾಗ ಒಂದು ಅಳಿಲು, ಅದರ ಕೈಯಾಗ ಓಕ್ ಗಿಡದ ಕಾಯಿ.

ಮೊನ್ನೆ ರವಿವಾರ ಓಣಿ ಹುಡುಗೂರನ್ನೆಲ್ಲಾ ಕಟ್ಟಿಕೊಂಡು ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡಾ ಹತ್ತಿಸಿ, ಕೆಲಗೇರಿ ಕೆರಿ ಕಡೆ ಇಳಿಸಿಕೊಂಡು ಬಂದ್ವಿ. ಎಲ್ಲಿ ನೋಡಿದ್ರೂ ಹಸರ. ಚಿತ್ತಿ ಮಳಿ ಬ್ಯಾರೆ ಹನಿ ಹಾಕಕತ್ತಿತ್ತು. ತಂದ ಎಲಿ ಎಲ್ಲಾ ಹಸೀವು. ಪುಸ್ತಕದಾಗ ಇಟ್ಟವು ಕರ್ರಗಾಗಿ ಬೂಷ್ಟ ಹಿಡದಾವು, ಹೊರಗ ಇಟ್ಟವು ಸುರುಳಿ ಸುತಗೊಂಡು ಕುಂತಾವು.

ಈ ದಿನದಾಗ ನಮ್ಮ ಕಡೆ ಬಣ್ಣದ ಎಲಿ ಯಾವ ಗಿಡದಾಗ ಸಿಗತಾವ್ರಿ? ಬೂಷ್ಟ ಹಿಡೀಲಾರದಂಗ ಒಣಗಸೂದು ಹೆಂಗ? ನಮ್ಮ ಮನಿಯವ್ರು "ಅಂಗಡ್ಯಾಗ ಪ್ಲಾಸ್ಟಿಕ್ ಮೇಪಲ್ ಎಲಿ ಸಿಗತಾವು, ತಂದು ಹಚ್ಚಿ ಕೈ ತೊಳಕೋ" ಅಂತಾರ. ನನಗ ಮನಸ್ಸಿಲ್ಲ. ಜಗಳ ನಡದೈತಿ.

ದುರ್ಗದಬೈಲ ದೋಸ್ತ

ನಿಮ್ಮ ಮನಿಯವ್ರು ಶಾಣ್ಯಾ ಅದಾರ. ಪ್ಲಾಸ್ಟಿಕ್ ತರ್ರಿ, ಹಚ್ರಿ, ಮಾರ್ಕ್ಸ್ ತಗೋರಿ. ಮುಗೀತು.

ಸಪ್ತಾಪುರ ಸವಿತಕ್ಕ

ದೋಸ್ತ್ ಅಣ್ಣಾರ, ಹೊರಗ ಅಡ್ಡಾಡಿ ಆರಿಸಿ ತರ್ರಿ ಅಂದಿದ್ದಕ್ಕ ಅಂಗಡಿಗೆ ಹೋಗಿ ತರೂದಾದ್ರ ಚಟುವಟಿಕಿ ಯಾಕ ಬೇಕು?

ದುರ್ಗದಬೈಲ ದೋಸ್ತ

ಹುಬ್ಬಳ್ಳಿ ಪ್ಯಾಟಿಯಾಗಿನ ದುರ್ಗದಬೈಲಿಗೂ ಅಡ್ಡಾಡಕೋತನ ಹೋಗೂದಲ್ರಿ ಅಕ್ಕಾರ. ವಾಪಸ್ ಬರ್ತಾ ಮಿರ್ಚಿನೂ ಸಿಗತೈತಿ.

ಬಾಟನಿ ಮಾಸ್ತರ (ನಿವೃತ್ತ)

ಮಾಳಮಡ್ಡಿ ತಂಗಿ, ಹುಡುಕಿದ ಜಾಗ ಬರೋಬ್ಬರಿ ಅದ, ತಿಂಗಳು ಬರೋಬ್ಬರಿ ಇಲ್ಲ. ಯಾಕ ಅಂತ ಹೇಳ್ತೀನಿ, ನಿಮ್ಮ ಮಗಳಿಗೂ ಹೇಳ್ರಿ.

ಆ ಫೋಟೋದಾಗಿನ ಗಿಡಗಳು ಥಂಡಿ ದೇಶದವು. ಅಲ್ಲಿ ಸೆಪ್ಟೆಂಬರ್ ದಾಟಿದ ಮ್ಯಾಲೆ ಹಗಲು ಗಿಡ್ಡ ಆಗ್ತದ, ಚಳಿ ಏರ್ತದ. ಮುಂದ ನೆಲದಾಗಿನ ನೀರು ಹೆಪ್ಪುಗಟ್ಟೂದರಿಂದ ಎಲಿ ಇಟಗೊಂಡು ಗಿಡಕ್ಕ ಉಪಯೋಗಿಲ್ಲ, ನಷ್ಟನ ಜಾಸ್ತಿ. ಹಂಗಾಗಿ ಎಲಿಯೊಳಗಿನ ಸಾರ ವಾಪಸ್ ಎಳಕೊಂಡು, ತೊಟ್ಟಿನ ಬುಡಕ್ಕ ಒಂದು ತೆಳು ಪದರ ಕಟ್ಟಿ ಕಡಿದು ಹಾಕ್ತದ. ಹಸರು ಕೊಡೂ ಕ್ಲೋರೋಫಿಲ್ ಒಡದ ಮ್ಯಾಲೆ, ಮೊದಲಿಂದನೂ ಒಳಗ ಅಡಗಿದ್ದ ಹಳದಿ ಕ್ಯಾರೊಟಿನಾಯ್ಡ್ ಕಾಣಸ್ತದ. ಕೆಂಪು ಮಾತ್ರ ಹಂಗಲ್ಲ, ಆಂಥೋಸಯನಿನ್ ಅನ್ನೂ ಬಣ್ಣಾನ ಕೆಲವು ಗಿಡ ಆವಾಗ ಹೊಸದಾಗಿ ತಯಾರ ಮಾಡ್ತಾವ.

ನಮ್ಮ ಗಿಡ ಎಲಿ ಕೆಡವೂದು ಚಳಿಗಲ್ಲ, ನೀರಡಿಕಿಗೆ. ಮುಂಗಾರು, ಹಿಂಗಾರಿ ಎರಡೂ ಮುಗದು, ನೆಲದಾಗಿನ ಹಸಿ ಆರಿ, ಪುಷ್ಯ ಮಾಘ ಬಂದ ಮ್ಯಾಲೆ ತೇಗ, ಮುತ್ತಲ, ಮತ್ತಿ ಒಂದೊಂದಾಗಿ ಬೋಳಾಗ್ತಾವ. ಫೆಬ್ರುವರಿಯೊಳಗ ಧಾರವಾಡದಿಂದ ಹಳಿಯಾಳದ ದಾರಿ ಹಿಡೀರಿ, ಎರಡೂ ಕಡೆ ತೇಗದ ಎಲಿ ಕಾಲಾಗ ಸಪ್ಪಳ ಮಾಡ್ತಾವ. ಅಕ್ಟೋಬರ್ ಅಂದ್ರ ಮಳಿ ಕುಡದ ಗಿಡ ಮೈತುಂಬ ಎಲಿ ಹೊತ್ತು ನಿಂತಿರೂ ಹೊತ್ತು.

ಇಷ್ಟಾದ್ರೂ ಕೆಂಪು ಬೇಕಂದ್ರ ಬಾದಾಮಿ ಗಿಡದ ಬುಡಕ್ಕ ಹೋಗ್ರಿ. ತಿನ್ನೂ ಬಾದಾಮಿ ಅಲ್ಲ, ಕಂಪೌಂಡಿನ್ಯಾಗ ಛತ್ರಿ ಬಿಚ್ಚಿಧಾಂಗ ಅಂತಸ್ತು ಅಂತಸ್ತಾಗಿ ಬೆಳೀತದಲ್ಲ, ಅದು. ವರ್ಷಕ್ಕ ಎರಡು ಸರತಿ ಎಲಿ ಕೆಡವ್ತದ, ನಡುನಡುವನೂ ನಾಕಾರು ಕೆಂಪೆಲಿ ಬಿದ್ದಿರ್ತಾವ. ಹಲಸಿನ ಹಣ್ಣೆಲಿ ಕೇಸರಿ ಹಳದಿ ಬರ್ತದ, ಅದಕ್ಕ ಕಾಲ ಗೀಲ ಇಲ್ಲ.

ಮೀನ ಸಾಕಾಂವ

ಬಾದಾಮಿ ಎಲಿ ಅಂದ್ರಲ್ರಿ ಸರ್, ಒಣಗಿದ್ದು ಉಳದ್ರ ಚೆಲ್ಲಬ್ಯಾಡ್ರಿ, ನನಗ ಕೊಡ್ರಿ. ಮೀನಿನ ಗಾಜಿನ ಪೆಟಗಿಯೊಳಗ ಹಾಕಿದ್ರ ನೀರು ಚಹಾದ ಬಣ್ಣ ಆಗತೈತಿ, ಬೆಟ್ಟಾ ಮೀನಕ್ಕ ಅದು ಭಾಳ ಹಿಡಸತೈತಿ. ಆನ್‌ಲೈನಿನ್ಯಾಗ ಇದನ್ನ ಕಟ್ಟು ಕಟ್ಟಿ ಮಾರತಾರ!

ಸಪ್ತಾಪುರ ಸವಿತಕ್ಕ

ಕಸಾ ಹೊಡಿಯಾಕಿ ದಿನಾ ಬೈಕೋತ ಬಳೀತಾಳ ಆ ಎಲಿ. ಅದಕ್ಕೂ ರೊಕ್ಕಾ ಐತೇನು ಶಿವನ.

ಬೆಂಗ್ಳೂರು ವಾಸಿ ಹಾವೇರಿ ಹುಡುಗ

ಒಂದು ಡೌಟು. ಫೆಬ್ರುವರಿವರೆಗೆ ಕಾಯೋಕಾಗಲ್ಲ ಅಲ್ವಾ, ಒಪ್ಪಿಸೋದು ದೀಪಾವಳಿ ಆದ್ಮೇಲೆ. ಎಲೆನೇ ಯಾಕೆ ಬೇಕು? ನಮ್ಮ ಊರಲ್ಲಿ ಈಗ ಸುಗ್ಗಿ ಶುರು. ಹೊಲದಲ್ಲಿ ಸಿಗೋದನ್ನೇ ಹಚ್ಚಲಿ.

ರಾಣೇಬೆನ್ನೂರ ರೈತ

ಹಾವೇರಿ ಹುಡುಗ ಬೆಂಗಳೂರಾಗ ಕುಂತು ಹೇಳಿದ್ರೂ ಖರೇ ಮಾತ ಹೇಳ್ಯಾನ. ಅಕ್ಕಾರ, ಗುಡ್ಡದ ಮ್ಯಾಲೆ ಏನೂ ಸಿಗಲಿಲ್ಲ ಅಂದ್ರಿ, ಗುಡ್ಡ ಇಳದು ಯಾವುದರ ಹೊಲದ ಬದುವಿಗೆ ನಿಂದ್ರರಿ. ಈಗ ಗೊಂಜಾಳ (ಮೆಕ್ಕಿಜೋಳ) ಮುರಿಯಾಕತ್ತಾರ. ನಮ್ಮ ಜಿಲ್ಲಾದಾಗಂತೂ ಎಲ್ಲಿ ನೋಡಿದ್ರೂ ಗೊಂಜಾಳನ. ತೆನಿ ಸುಲದ ಮ್ಯಾಲೆ ರವದಿ ರಾಶಿ ಬಿದ್ದಿರತೈತಿ, ಯಾರೂ ಬ್ಯಾಡ ಅನ್ನಂಗಿಲ್ಲ. ಹೊರಗಿನ ಸಿಪ್ಪಿ ಒರಟು, ಒಳಗಿನದು ಬೆಣ್ಣಿ ಬಣ್ಣದ್ದು, ತೆಳ್ಳಗ, ಉದ್ದಕ ಗೀರು ಇರತಾವು. ಜುಟ್ಟು ಒಣಗಿ ತಾಮ್ರದ ಬಣ್ಣ ಬಂದಿರತೈತಿ. ಕಾಳು ಬಿಡಿಸಿದ ಬೆಂಡು ಅಡ್ಡ ಕೊರದ್ರ ಹೂವಿನ ಗುರುತ ಬೀಳತೈತಿ, ಬಣ್ಣದಾಗ ಅದ್ದಿ ಹಾಳಿ ಮ್ಯಾಲೆ ಒತ್ತಿದ್ರ ಛಾಪಾ ಆತು.

ಸೋಯಾಬೀನ ಒಕ್ಕಿದ ಹೊಟ್ಟು ಬಂಗಾರದ ಬಣ್ಣ. ಶೇಂಗಾ ಸಿಪ್ಪಿ ಐತಿ. ಹತ್ತಿ ಒಡಿಯಾಕ ಹತ್ತೈತಿ. ಬಿಡಿಸಿಕೊಂಡ ಮ್ಯಾಲೆ ಗಿಡದಾಗ ಉಳಿಯೂ ಖಾಲಿ ಕಾಯಿ ನೋಡ್ರಿ, ನಾಕೈದು ಎಸಳಿನ ಕಂದು ಹೂ ಆಗಿ ನಿಂತಿರತೈತಿ, ತುದಿ ಚೂಪ ಇರತಾವು, ಹುಡುಗೂರ ಕೈಗೆ ಚುಚ್ಚತಾವು, ಹುಷಾರ. ಮತ್ತ ಬದುವಿನ ಮ್ಯಾಲಿನ ಕರಡ ಈಗ ಹಸರು ಬಿಟ್ಟು ಕೆಂಪಗ ತಿರಗಾಕತ್ತಿರತೈತಿ. ನಮ್ಮ ಕಡೆ ಮೊದಲು ಬಣ್ಣ ತಿರಗೂದು ಗಿಡ ಅಲ್ರಿ, ಹುಲ್ಲು.

ಹೊಲದವ್ರನ್ನ ಒಂದು ಮಾತ ಕೇಳಿ ತಗೋರಿ ಅಷ್ಟ.

ಮಾಳಮಡ್ಡಿ ಅವ್ವ

ಅಣ್ಣಾರ, ಭಾಳ ಛಲೋ ಹೇಳಿದ್ರಿ. ಗುಡ್ಡದ ಮ್ಯಾಲೆ ಮೊಣಕಾಲಮಟ ಆ ಹುಲ್ಲಿನ್ಯಾಗನ ಅಡ್ಡಾಡೀವಿ, ಒಬ್ಬರೂ ಒಂದು ಕಡ್ಡಿ ತರಲಿಲ್ಲ. ಎಲ್ಲಾರ ಕಣ್ಣು ಮ್ಯಾಲ ಇತ್ತು.

ಹಾಳಿ ಮತ್ತ ಖಳಿ

ಪುಸ್ತಕ ಕಟ್ಟೂ ಕೆಲಸದಾಗ ತಲಿ ಬೆಳ್ಳಗ ಮಾಡಿಕೊಂಡಾಂವ ನಾನು, ಒಣಗಸೂದರ ಬಗ್ಗೆ ಹೇಳ್ತೀನಿ.

ಬೂಷ್ಟ ಹಿಡಿಯೂದು ಯಾಕಂದ್ರ ಎಲಿಯಾಗಿನ ನೀರು ಹೋಗಾಕ ದಾರಿ ಇಲ್ಲ. ನುಣುಪು ಹಾಳಿ ಪುಸ್ತಕದಾಗ ಇಟ್ರ ಅದು ಕುಡಿಯಂಗಿಲ್ಲ. ಹಳೇ ಪೇಪರ್ ತಗೋರಿ, ನ್ಯೂಸ್‌ಪೇಪರ್, ಬಣ್ಣದ ಪುರವಣಿ ಅಲ್ಲ. ಎಲಿ ಒಂದಕ್ಕೊಂದು ತಾಗಲಾರದಂಗ ಹಾಸಿ, ಕೆಳಗ ನಾಕು ಮಡಿಕಿ, ಮ್ಯಾಲ ನಾಕು ಮಡಿಕಿ ಪೇಪರ್, ಮ್ಯಾಲೆ ಒಂದು ಹಲಗಿ, ಹಲಗಿ ಮ್ಯಾಲೆ ಭಾರ. ಮುಖ್ಯ ಗುಟ್ಟು ಇದು: ಮೊದಲ ನಾಕೈದು ದಿನ ದಿನಾ ಪೇಪರ್ ಬದಲಿ ಮಾಡಬೇಕು. ಹಸಿ ಹೀರಿದ ಪೇಪರ್ ಅಲ್ಲೇ ಬಿಟ್ರ ಅದ ಬೂಷ್ಟಿಗೆ ಮನಿ. ವಾರ ಹತ್ತು ದಿನದಾಗ ಎಲಿ ಕಡಕ್ ಆಗತಾವು. ಬೇಗ ಒಣಗಿದಷ್ಟು ಬಣ್ಣ ಉಳಿತೈತಿ.

ಅವಸರ ಇದ್ರ ಇಸ್ತ್ರಿ. ಎರಡು ಪೇಪರ್ ನಡುವ ಎಲಿ ಇಟ್ಟು, ನೀರಿನ ಹಬೆ ಬಂದ್ ಮಾಡಿ, ನಡುಮಟ್ಟದ ಕಾವಿನ್ಯಾಗ ಒತ್ತಿ ತೆಗೀರಿ, ತಿಕ್ಕಬ್ಯಾಡ್ರಿ. ದಪ್ಪ ಎಲಿಗೆ ಇದು ನಡಿಯಂಗಿಲ್ಲ, ಸುಟ್ಟ ವಾಸನಿ ಬರತೈತಿ. ಗ್ಲಿಸರಿನ್ ಒಂದು ಪಾಲು, ನೀರು ಎರಡು ಪಾಲು ಕಲಿಸಿ ಅದರಾಗ ಎಲಿ ಮುಳಗಿಸಿಟ್ರ ಕೆಲವು ದಿನಕ್ಕ ಚರ್ಮದಂಗ ಮೆತ್ತಗ ಆಗತಾವು, ಮುರಿಯಂಗಿಲ್ಲ. ಆದ್ರ ಬಣ್ಣ ಕಪ್ಪಕ್ಕ ಇಳಿತೈತಿ.

ಹಚ್ಚಾಕ ಫೆವಿಕಾಲ್ ಸಾಕು, ಸ್ವಲ್ಪ ನೀರು ಬೆರಸಿ ಬ್ರಷ್‌ಲೇ ಎಲಿಯ ಬೆನ್ನಿಗೆ ಸವರ್ರಿ. ಮೈದಾ ಹಿಟ್ಟಿನ ಖಳಿನೂ ಭೇಷ್ ಹಿಡಿತೈತಿ, ಆದ್ರ ಜಿರಳಿ, ಹುಳಕ್ಕ ಅದು ಹೋಳಿಗಿ ಊಟ. ಹಿಂದ ನಾವು ಖಳಿಯಾಗ ಮೈಲುತುತ್ತಾ ಹಾಕ್ತಿದ್ವಿ. ಅದು ವಿಷ. ಹುಡುಗೂರ ಕೆಲಸಕ್ಕ ಅದರ ಹೆಸರೂ ತಗೀಬ್ಯಾಡ್ರಿ.

ಉಣಕಲ್ಲ ಗಾಳಿ

ಇಷ್ಟೆಲ್ಲಾ ಯಾಕ್ರಿ ಕಾಕಾ, ಗಾದಿ ಅಡಿ ಇಟ್ಟು ಮಲಗೂದು. ನಾವು ಹಂಗ ಮಾಡ್ತಿದ್ವಿ, ಅರಳಿ ಎಲಿ, ನವಿಲಗರಿ ಎಲ್ಲಾ. ನವಿಲಗರಿ ಮರಿ ಹಾಕತೈತಿ ಅಂತ ಪೆನ್ಸಿಲ್ ಕೆರದು ಪುಡಿ ಬ್ಯಾರೆ ಹಾಕ್ತಿದ್ವಿ.

ಹಾಳಿ ಮತ್ತ ಖಳಿ

ಗಾದಿ ಅಡಿ ಗಾಳಿ ಆಡಂಗಿಲ್ಲ ತಮ್ಮಾ, ಈ ಹವಾದಾಗ ಅಲ್ಲೂ ಬೂಷ್ಟನ. ಬ್ಯಾಸಗ್ಯಾಗ ನಡಿತೈತಿ.

ಕಪ್ಪತ್ತದ ಕಡೆಯಾಂವ

ಒಂದು ಮಾತು ಹೇಳಿ ಬಿಡ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ಮಳಿಗಾಲ ಮುಗದ ಕೂಡ್ಲೆ ನಮ್ಮ ಗದಗ ಕಡೆ ಕಪ್ಪತ್ತಗುಡ್ಡಕ್ಕ ಗಾಡಿ ಗಟ್ಟಲೆ ಮಂದಿ ಬರತಾರ, ವಾಪಸ್ ಹೋಗೂಮುಂದ ಚೀಲ ತುಂಬ ಗಿಡಮೂಲಿಕಿ, ಬೀಜ, ಹೂ. ಅದು 2019ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದೊಳಗಿಂದ ಪರವಾನಗಿ ಇಲ್ಲದ ಏನೂ ತರೂಹಂಗಿಲ್ಲ. ಚಿತ್ರಕ್ಕ ಬೇಕಿತ್ತು, ಹುಡುಗೂರಿಗೆ ಬೇಕಿತ್ತು ಅಂದ್ರ ನಡಿಯಂಗಿಲ್ಲ. ಅಲ್ಲಿ ಹೋದ್ರ ನೋಡ್ರಿ, ಫೋಟೋ ತಗೋರಿ, ಅಲ್ಲೇ ಕುಂತು ಚಿತ್ರಾ ಬಿಡಸ್ರಿ. ಆರಸೂದು ರಸ್ತೆ ಬದಿ, ಪಾರ್ಕು, ಹೊಲದ ಬದು, ನಿಮ್ಮ ಕಂಪೌಂಡಿನ್ಯಾಗ.

ದುರ್ಗದಬೈಲ ದೋಸ್ತ

ಒಂದು ಉದುರಿದ ಎಲಿ ತಂದ್ರ ಜೇಲಿಗೆ ಹಾಕತಾರೇನ್ ಮತ್ತ? ಅತಿ ಆತು ಇದು.

ಕಪ್ಪತ್ತದ ಕಡೆಯಾಂವ

ಒಂದು ಎಲಿ ಅಂತ ಒಬ್ಬಾಂವ ಅನ್ನಂಗಿಲ್ಲ ಅಣ್ಣಾ, ಬಂದವ್ರೆಲ್ಲಾ ಅಂತಾರ. ಉದುರಿದ ಎಲಿ ಅಲ್ಲೇ ಕೊಳತು ಮಣ್ಣಾಗಬೇಕು, ಗಾಳಿಗೆ ಸಡಲೂ ಗುಡ್ಡದ ಮಣ್ಣು ಅದರಿಂದನ ನಿಂತೈತಿ. ಇನ್ನ ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಗೆ ಹೋದವ್ರು ಹಕ್ಕಿ ಪುಕ್ಕ ಆರಿಸಿಕೊಂಡು ಬರತಾರ. ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಅಲ್ಲಿಗೆ ಬರತಾವು, ಆ ಕೆರಿ 2024ರಾಗ ಜಗತ್ತಿನ ಮಹತ್ವದ ಜೌಗು ಜಾಗಗಳ ರಾಮ್ಸಾರ್ ಪಟ್ಟಿಗೆ ಸೇರೇತಿ. ಕಾಡಹಕ್ಕಿ ಪುಕ್ಕ ಇಟಗೊಳ್ಳೂದು ಕಾಯ್ದೆಗೆ ವಿರುದ್ಧ. ತಾನ ಉದುರಿದ ನವಿಲಗರಿಗೆ ಮಾತ್ರ ವಿನಾಯಿತಿ ಐತಿ.

ಉಣಕಲ್ಲ ಗಾಳಿ

ಸಧ್ಯ! ನಮ್ಮ ಗಾದಿ ಅಡಿಯ ನವಿಲಗರಿ ಬಚಾವ್.

ಶಾಲಿ ಟೀಚರು

ಓದುತ್ತಾ ಇದ್ದೆ, ಸುಮ್ಮನಿರಲಾಗಲಿಲ್ಲ. ನಾನೂ ಪ್ರಾಥಮಿಕ ಶಾಲೆಯಲ್ಲೇ ಪಾಠ ಮಾಡುವವಳು, ಬೇರೆ ಊರಿನಲ್ಲಿ. ಆ ಮೇಪಲ್ ಫೋಟೋ ಕಳಿಸಿದ ಟೀಚರನ್ನು ಎಲ್ಲರೂ ಮನಸ್ಸಿನಲ್ಲೇ ಬೈಯುತ್ತಿದ್ದೀರಿ ಅಂತ ಗೊತ್ತು. ವರ್ಷದ ಚಟುವಟಿಕೆಗಳ ಪಟ್ಟಿ ಮೊದಲೇ ಬಂದಿರುತ್ತದೆ, ಮಾದರಿ ಚಿತ್ರಕ್ಕೆ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ಮೇಪಲ್ಲೇ. ನಲವತ್ತು ಮಕ್ಕಳ ನೋಟ್‌ಬುಕ್ ತಿದ್ದಿ ಮುಗಿಸಿದ ಮೇಲೆ ರಾತ್ರಿ ಕಳಿಸಿದ ಫೋಟೋ ಅದು. ಅದನ್ನೇ ಅಚ್ಚೊತ್ತಿ ತನ್ನಿ ಅಂತ ಯಾರೂ ಹೇಳಿರುವುದಿಲ್ಲ.

ಒಂದು ಕೆಲಸ ಮಾಡಿ. ಹಾಳೆಯ ಹಿಂದೆ ಮಗುವಿನ ಕೈಯಲ್ಲೇ ಬರೆಸಿ: ಯಾವ ಗಿಡದ್ದು, ಎಲ್ಲಿ ಸಿಕ್ಕಿತು, ಯಾವ ಮಳೆ ನಡೆದಿತ್ತು. ಒಳ್ಳೆಯ ಟೀಚರ್ ಆದರೆ ಅದನ್ನೇ ಮೊದಲು ಓದುತ್ತಾರೆ. ಇನ್ನೊಂದು, ದಯವಿಟ್ಟು ಮಕ್ಕಳ ಚಿತ್ರವನ್ನು ನೀವು ಮಾಡಬೇಡಿ. ಅಪ್ಪ ಅಮ್ಮ ಹಚ್ಚಿದ ಎಲೆ ಯಾವುದು, ಮಗು ಹಚ್ಚಿದ ಎಲೆ ಯಾವುದು ಅಂತ ನಮಗೆ ದೂರದಿಂದಲೇ ಗೊತ್ತಾಗುತ್ತದೆ. ಮಗು ಹಚ್ಚಿದ ಎಲೆಯ ಸುತ್ತ ಅಂಟು ಮೆತ್ತಿರುತ್ತದೆ.

ಸಪ್ತಾಪುರ ಸವಿತಕ್ಕ

ಟೀಚರ್ರ, ನಮ್ಮನಿಯವ್ರು ಹಚ್ಚಿದ್ರೂ ಸುತ್ತ ಅಂಟು ಮೆತ್ತಿರತೈತ್ರಿ.

ನರಗುಂದದ ಮೊಮ್ಮಗಳು

ನನಗ ಒಂದು ಹೇಳೂದೈತಿ. ಈ ಹೊತ್ತಿನ್ಯಾಗ ಹೊರಗಿಂದ ಆರಿಸಿ ತಂದು ಮಾಡೂ ಕಲಾ ನಮ್ಮಲ್ಲಿ ಮೊದಲಿಂದನೂ ಐತಿ, ಎಲ್ಲಾರ ಮನಿ ಹೊಸ್ತಲದಾಗ ಐತಿ. ದೀಪಾವಳಿ ಪಾಡ್ಯದ ದಿನ ಪಾಂಡವರನ್ನ ಮಾಡಂಗಿಲ್ಲೇನು?

ನಮ್ಮಾಯಿ ಮುಂಜಾನೆ ನಸಕನ್ಯಾಗ ಎದ್ದು ಆಕಳ ಸಗಣಿ ತಂದು, ಕೈಯಾಗ ಉಂಡಿ ಕಟ್ಟಿ, ಕೆಳಗ ಅಗಲ, ಮ್ಯಾಲೆ ಚೂಪ ಮಾಡಿ ಸಾಲಾಗಿ ಕುಂದ್ರಸ್ತಿದ್ಲು. ಅದಕ್ಕ ಉತ್ತರಾಣಿ ಕಡ್ಡಿ ನೆಟ್ಟಗ ಸಿಗಸೂದು, ಗುರೆಳ್ಳ ಹೂ, ಚೆಂಡುಹೂ ಏರಸೂದು. ಗುರೆಳ್ಳ ಹೂ ತರೂದು ನಮ್ಮ ಕೆಲಸ, ಹೊಲದ ಬದುವಿಗೆ ಓಡಿ ಹೋಗಿ. ಉತ್ತರಾಣಿ ಮುಟ್ಟಿದ್ರ ಅದರ ಕಾಳು ಲಂಗಕ್ಕ ಹತ್ತಿ ಮನಿತನಕಾ ಬರತಿದ್ವು. ಹಳದಿ, ಹಸರ, ಕೇಸರಿ, ಸಗಣಿಯ ಕಂದು. ಆ ಬಣ್ಣ ಕೂಡಸೂದು ಆಕಿಗೆ ಯಾರು ಕಲಿಸಿದ್ರು? ಚಿತ್ರಾ ಅಂದ್ರ ಹಾಳಿ ಮ್ಯಾಲೆನ ಇರಬೇಕು ಅಂತ ಎಲ್ಲಿ ಐತಿ?

ಹುಬ್ಬಳ್ಳಿ ಹಿರಿಯ

ನಮ್ಮ ಮನಿಯಾಗ ಅಮವಾಸಿ ದಿನಾನೂ ಇಡತಾರವಾ, ಪಾಡ್ಯಕ್ಕ ಮಾತ್ರ ಅಲ್ಲ. ಮತ್ತ ನಮ್ಮಲ್ಲಿ ಹಟ್ಟೆವ್ವ ಅಂತೀವಿ.

ನರಗುಂದದ ಮೊಮ್ಮಗಳು

ಹೌದ್ರಿ ಅಜ್ಜಾರ, ಊರಿಗೊಂದು ಪದ್ಧತಿ. ನಮ್ಮಲ್ಲಿ ಪಾಡ್ಯಕ್ಕ.

ಕಂಠಿ ಬಳಗ

ಮೊನ್ನೆ ದಸರಾದ ಮರುದಿನ ಹುಬ್ಬಳ್ಳಿ ಪ್ಯಾಟಿಯಾಗ ಬನ್ನಿ ರಾಶಿ ಕಸದಾಗ ಬಿದ್ದಿತ್ತು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದು, ಮರುದಿನ ಆ ಬಂಗಾರ ಗಟಾರಕ್ಕ. ಒಣಗಿದ ಬನ್ನಿ ಎಲಿ ಕಡ್ಡಿಯಿಂದ ಉದುರಿಸಿದ್ರ ಎಳ್ಳಿನಷ್ಟು ಸಣ್ಣ ಸಣ್ಣ ತುಣುಕು. ಹಾಳಿ ಮ್ಯಾಲೆ ಅಂಟು ಸವರಿ ರಂಗೋಲಿ ಹಾಕಿಧಾಂಗ ಉದುರಿಸಿದ್ರ ಹುಲ್ಲಗಾವಲು ಆತು. ಮನ್ಯಾಗ ದೇವರ ಮುಂದಿಂದು ಇನ್ನೂ ಇದ್ರ ನೋಡ್ರಿ.

ಬೆಳಗಾವಿ ಸೊಸಿ

ಎಳ್ಳಿನಷ್ಟು ಸಣ್ಣದು? ನಾವು ಕೊಡೂ ಎಲಿ ದೊಡ್ಡದು, ನಡುವ ಸೀಳಿ ಎರಡು ಹೋಳಾಗಿರತೈತಿ.

ಬಾಟನಿ ಮಾಸ್ತರ (ನಿವೃತ್ತ)

ಅದು ಆಪ್ಟಾ ಅವ್ವಾ, ಮಹಾರಾಷ್ಟ್ರದ ಕಡೆ ಬನ್ನಿ ಬದಲಿ ಅದನ್ನ ಕೊಡ್ತಾರ. ಬನ್ನಿ ಮುಳ್ಳಿನ ಗಿಡ, ಎಲಿ ಸಣ್ಣವು. ಎರಡೂ ಚಿತ್ರಕ್ಕ ಛಲೋನ. ಆಪ್ಟಾ ಎಲಿ ಒಣಗಿಸಿದ್ರ ಚಿಟ್ಟಿಯ ರೆಕ್ಕಿಗೆ ಬೇಕಾದ ಆಕಾರ ತಯಾರಿದ್ದಂಗ.

ಬೆಳಗಾವಿ ಸೊಸಿ

ಅದಕ್ಕೂ ಬಂಗಾರ ಅಂತನ ಅಂತೀವಿ ಸರ್, ಜಗಳಿಲ್ಲ.

ದವಾಖಾನಿ ತಂಗಿ

ಯಾರೂ ಹೇಳಲಿಲ್ಲ, ನಾ ಹೇಳ್ತೀನಿ. ಹುಡುಗೂರಿಗೆ ಚೀಲ ಕೊಟ್ಟು ಬಿಡೂ ಮೊದಲ ಏನು ಮುಟ್ಟಬಾರದು ಅಂತ ತೋರಸ್ರಿ.

ಗುಲಗಂಜಿ. ಕೆಂಪು ಮೈ, ಕರೇ ಕಣ್ಣು, ಹುಡುಗೂರು ಮೊದಲ ಅದನ್ನ ಆರಸೂದು. ಅದರೊಳಗ ಅಬ್ರಿನ್ ಅನ್ನೂ ಘೋರ ವಿಷ ಐತಿ. ಮ್ಯಾಲಿನ ಸಿಪ್ಪಿ ಗಟ್ಟಿ, ಹಂಗಾಗಿ ಕೈಯಾಗ ಹಿಡದ್ರ ಏನಾಗಂಗಿಲ್ಲ, ಆದ್ರ ಸರ ಪೋಣಸಾಕ ತೂತು ಹೊಡದ್ರ, ಜಜ್ಜಿದ್ರ, ಕಡದು ನುಂಗಿದ್ರ ಜೀವಕ್ಕ ಕುತ್ತು. ದತ್ತೂರಿಯ ಮುಳ್ಳಿನ ಕಾಯಿ, ಹಳದಿ ಕಣಗಿಲದ ಕಾಯಿನೂ ವಿಷ. ರಸ್ತೆ ಬದಿಯ ಬಿಳಿ ಹೂವಿನ ಕಾಂಗ್ರೆಸ್ ಕಸ ಚಿತ್ರದಾಗ ಚೆಂದ ಕಾಣತೈತಿ ಅಂತ ಕಿತ್ತು ತರತಾರ, ಕೈ ಮೈ ಎಲ್ಲಾ ಕೆರತ, ಕೆಲವ್ರಿಗೆ ದಮ್ಮು. ಕಳ್ಳಿ ಹಾಲು ಕಣ್ಣಿಗೆ ಬಿದ್ರ ಹೇಳೂಹಂಗಿಲ್ಲ.

ಮತ್ತ ಬೇಲಿಯಾಗ ಮಕಮಲ್ ಬಟ್ಟಿ ಹೊದ್ದಂಗ ಕಾಣೂ ಕಾಯಿ ಜೋತಾಡ್ತಿದ್ರ ಮುಟ್ಟಬ್ಯಾಡ್ರಿ. ಅದು ನಸಗುನ್ನಿ.

ಕಲಘಟಗಿ ಕಾಡಿನಾಂವ

ಹಾ ಹಾ, ನಸಗುನ್ನಿ! ನಮ್ಮ ಸಾಲಿ ಟ್ರಿಪ್ಪಿನ್ಯಾಗ ಒಬ್ಬಾಂವ ಚೆಂದ ಐತಿ ಅಂತ ಕಿಸೆದಾಗ ಹಾಕ್ಕೊಂಡಿದ್ದ. ಬಸ್ಸಿನ್ಯಾಗ ಆ ಸೀಟು, ಮುಂದಿನ ಸೀಟು, ಕಂಡಕ್ಟರು, ಮಾಸ್ತರು, ಎಲ್ಲಾರೂ ಕೆರಕೋತ ಊರು ಮುಟ್ಟಿದ್ವಿ. ಆಂವ ಕಿಸೆದಾಗಿಂದು ತಗದು ಒಗದ, ಒಗದ ಕೈ ಮಾರಿಗೆ ಒರಸಿಕೊಂಡ.

ದವಾಖಾನಿ ತಂಗಿ

ತಿಕ್ಕಿದ್ರ ರೋಮ ಇನ್ನೂ ಒಳಗ ಹೋಗತಾವು. ಅಂಟುಪಟ್ಟಿ ಹಚ್ಚಿ ಕಿತ್ತು ಮೊದಲ ರೋಮ ತಗೀಬೇಕು, ಆಮ್ಯಾಲೆ ನೀರು. ನಗೂದಲ್ಲ ಅಣ್ಣಾ!

ಕಲಘಟಗಿ ಕಾಡಿನಾಂವ

ನಕ್ಕಿಲ್ರಿ ತಂಗ್ಯಾರ, ಇನ್ನೂ ಕೆರಕೊಳ್ಳಾಕತ್ತೀನಿ. ಇರಲಿ, ಬಣ್ಣದ ಮಾತು ಹೇಳ್ತೀನಿ. ತೇಗದ ಎಳೀ ಎಲಿ ಅಂಗೈಯಾಗ ತಿಕ್ರಿ, ಕೈ ಕೆಂಪಗ ಆಗತೈತಿ. ಅದ ಎಲಿಯ ತುಣುಕ ಬಿಳೀ ಹಾಳಿ ಮ್ಯಾಲೆ ಒತ್ತಿ ತಿಕ್ಕಿದ್ರ ಕೆಂಪು ಗೀಟು ಬೀಳತೈತಿ. ಕೆಂಪು ಎಲಿ ಇಲ್ಲ ಅಂತ ಅಳೂದ್ಯಾಕ, ಹಸರ ಎಲಿಯೊಳಗ ಕೆಂಪು ಐತಿ. ತೋಟದಾಗ ಯಾರಾದ್ರೂ ತೇಗ ಹಚ್ಚಿದ್ರ ಕೇಳಿ ಎರಡು ಎಲಿ ತಗೋರಿ.

ಮಾಳಮಡ್ಡಿ ಅವ್ವ

ಇದು ಈಗಿಂದೀಗ ಮಾಡಿ ನೋಡಿದ್ವಿ! ನಮ್ಮ ಹಿತ್ತಲದ ಹಿಂದ ಒಂದು ತೇಗದ ಸಸಿ ಐತಿ. ಸಣ್ಣಾಕಿ ಕೈ, ಗಲ್ಲ, ಹಾಳಿ, ಗ್ವಾಡಿ ಎಲ್ಲಾ ಕೆಂಪು. ಗ್ವಾಡಿದು ಹೋಗತೈತೇನ್ರಿ?

ಕಲಘಟಗಿ ಕಾಡಿನಾಂವ

ಸುಣ್ಣಾ ಬಳೀರಿ.

ಚಿತ್ರಕಲಾ ಹುಡುಗ

ನಾ ಚಿತ್ರಕಲಾ ಕಲಿಯಾಂವ. ಡಿ.ವಿ. ಹಾಲಭಾವಿ ಅವರು ಕಟ್ಟಿದ ಚಿತ್ರಕಲಾ ಸಾಲಿ ಇದ್ದ ಧಾರವಾಡದಾಗ ಈ ಚರ್ಚಾ ನಡದೈತಿ ಅಂದ ಮ್ಯಾಲೆ ಚಿತ್ರದ ಬಗ್ಗೆನೂ ಯಾರರ ಮಾತಾಡಬೇಕಲ್ಲ. ಇಷ್ಟೊತ್ತು ಎಲ್ಲಾ ಒಣಗಸೂದು, ಆರಸೂದು, ಕೆರಕೊಳ್ಳೂದ ಆತು.

ಹುಡುಗೂರು ತಂದದ್ದನ್ನೆಲ್ಲಾ ಕೂಡ್ಲೆ ಹಚ್ಚಾಕ ಬಿಡಬ್ಯಾಡ್ರಿ. ಮೊದಲ ನೆಲದ ಮ್ಯಾಲೆ ಹಳೇ ಸೀರಿ ಹಾಸಿ, ತಂದದ್ದೆಲ್ಲಾ ಬಣ್ಣದ ಪ್ರಕಾರ ಸಾಲಾಗಿ ಇಡಸ್ರಿ, ತಿಳಿಯಿಂದ ಗಾಢಕ್ಕ. ಆವಾಗ ಗೊತ್ತಾಗತೈತಿ, ಒಂದ ಕಂದಿನ್ಯಾಗ ಎಷ್ಟು ಕಂದು ಅದಾವು. ಶೇಂಗಾ ಸಿಪ್ಪಿ, ಗುಲ್‌ಮೊಹರಿನ ಒಣ ಕಾಯಿ, ಹತ್ತಿಯ ಖಾಲಿ ಕಾಯಿ, ಕರಡ ಬ್ಯಾರೆ ಬ್ಯಾರೆ. ಹಿನ್ನೆಲಿಗೆ ಬಿಳೀ ಹಾಳಿ ಬ್ಯಾಡ, ಕಂದು ರಟ್ಟು ಇಲ್ಲಾ ಕರೇ ಹಾಳಿ ತಗೋರಿ, ಒಣ ಹುಲ್ಲು ಅದರ ಮ್ಯಾಲೆ ಎದ್ದು ಕಾಣತೈತಿ. ಮತ್ತ ಖಾಲಿ ಜಾಗ ಬಿಡ್ರಿ. ಎಲ್ಲಾ ಕಡೆ ತುಂಬಿದ್ರ ಅದು ಕಸದ ಬುಟ್ಟಿ.

ಎಲಿಯ ಬದಲಿ ಎಲಿಯ ಗುರುತೂ ಸಾಕು. ಎಲಿ ಅಡಿ ಇಟ್ಟು, ಮ್ಯಾಲೆ ತೆಳು ಹಾಳಿ ಹಾಸಿ ಮೇಣದ ಬಣ್ಣ ಅಡ್ಡ ಹಿಡದು ತಿಕ್ಕಿದ್ರ ನರ ನರ ಎದ್ದು ಬರತಾವು. ಇದಕ್ಕ ಹಸೀ ಎಲಿನ ಬೇಕು, ಒಣಗಿದ್ದು ಪುಡಿ ಆಗತೈತಿ. ಹಸರ ಕಾಲದಾಗ ಹಸರ ಎಲಿಗೆ ಕೆಲಸ ಇಲ್ಲ ಅಂದವ್ರು ಯಾರು?

ಉಣಕಲ್ಲ ಗಾಳಿ

ಅರಳಿ ಎಲಿ ಜಾಳಿಗಿ ಮಾಡೂದು ಹೆಂಗಪಾ? ಮಧ್ಯಾಹ್ನದಿಂದ ಕೇಳಬೇಕಂತ ಇದ್ದೆ.

ಬಾಟನಿ ಮಾಸ್ತರ (ನಿವೃತ್ತ)

ಬಲಿತ ಎಲಿ ನೀರಾಗ ಮುಳಗಿಸಿ ಎರಡು ಮೂರು ವಾರ ಬಿಡ್ರಿ, ನಾಕು ದಿನಕ್ಕೊಮ್ಮೆ ನೀರು ಬದಲಿ ಮಾಡ್ರಿ. ಹಸರು ಭಾಗ ಕೊಳತು ಮೆತ್ತಗ ಆದ ಮ್ಯಾಲೆ ಹಳೇ ಹಲ್ಲಿನ ಬ್ರಷ್‌ಲೇ ಹಗೂರಕ ತಟ್ಟಿದ್ರ ನರದ ಜಾಳಿಗಿ ಉಳೀತದ. ವಾಸನಿ ಮಾತ್ರ ಕೇಳಬ್ಯಾಡ್ರಿ, ಪಾತ್ರಿ ಹಿತ್ತಲದಾಗ ಇಡ್ರಿ. ಅವಸರದವ್ರು ವಾಷಿಂಗ್ ಸೋಡಾ ಹಾಕಿ ಕುದಸ್ತಾರ, ಅದು ಹಿರೇರ ಕೆಲಸ. ಕೈಗೆ, ಕಣ್ಣಿಗೆ ಸೋಡಾ ನೀರು ಸಿಡೀಬಾರದು.

ದುರ್ಗದಬೈಲ ದೋಸ್ತ

ಮೂರು ವಾರ ಕೊಳತ ಎಲಿ ವಾಸನಿ ಕುಡಿಯೂದೋ, ದುರ್ಗದಬೈಲಿಗೆ ಹೋಗಿ ಐದು ನಿಮಿಷದಾಗ ತರೂದೋ. ನಾ ಅಂತೂ ಹೇಳಿ ಮುಗಿಸೀನಿ.

ಸಪ್ತಾಪುರ ಸವಿತಕ್ಕ

ನೀವು ಇನ್ನೂ ಇಲ್ಲೇ ಅದೀರೇನು? ಮುಗೀತು ಅಂದು ಭಾಳ ಹೊತ್ತಾತಲ್ಲ.

ರಾಣೇಬೆನ್ನೂರ ರೈತ

ಗೊಂಜಾಳ ಸಿಪ್ಪಿಯ ಗೊಂಬಿ ಬಗ್ಗೆ ಒಬ್ರು ಖಾಸಗಿಯಾಗಿ ಕೇಳ್ಯಾರ, ಎಲ್ಲಾರಿಗೂ ಹೇಳ್ತೀನಿ. ಒಳಗಿನ ಮೆತ್ತನ ಸಿಪ್ಪಿ ಉಗುರುಬೆಚ್ಚ ನೀರಾಗ ಸ್ವಲ್ಪೊತ್ತು ನೆನಸ್ರಿ, ಇಲ್ಲಂದ್ರ ಮಡಚಿದಲ್ಲಿ ಸೀಳತೈತಿ. ನಾಕು ಸಿಪ್ಪಿ ಒಟ್ಟಿಗೆ ಹಿಡದು, ನಡುವ ಹತ್ತಿ ಉಂಡಿ ಇಟ್ಟು, ಬಗ್ಗಿಸಿ ದಾರದಿಂದ ಬಿಗದ್ರ ತಲಿ ಆತು. ಒಂದು ಸಿಪ್ಪಿ ಸುರುಳಿ ಸುತ್ತಿ ಅಡ್ಡ ಸಿಗಿಸಿದ್ರ ಕೈ. ಕೆಳಗ ಹರವಿದ್ರ ಸೀರಿ. ಒಣಗಿದ ಮ್ಯಾಲೆ ಸಿಪ್ಪಿ ಕುಗ್ಗಿ ದಾರ ಸಡಲ ಆಗತೈತಿ, ಅದಕ್ಕ ಮೊದಲ ಬಿಗಿಯಾಗಿ ಕಟ್ಟರಿ. ಅರಿಷಿಣ ನೀರಾಗ ಕುದಿಸಿ ತಗದ್ರ ಹಳದಿ ಸೀರಿ. ತಲಿಗೆ ತೆನಿಯ ಜುಟ್ಟ ಹಚ್ಚರಿ.

ಮಾಳಮಡ್ಡಿ ಅವ್ವ

ಅಣ್ಣಾರ, ಸಣ್ಣಾಕಿ ಇದನ್ನ ಓದಿಸಿಕೊಂಡು ತಾನ ಯೋಜನಿ ಹಾಕ್ಯಾಳ. ಸೀಗಿ ಹುಣ್ಣಿವಿಗೆ ತವರಮನಿ ಹೊಲಕ್ಕ ಹೋಗಿದ್ವಿ. ಬಾಳಿ ಎಲಿಯಾಗ ಊಟ, ಚರಗ ಚೆಲ್ಲೂ ಅಪ್ಪಾರು, ಹಿಂದ ಗೊಂಜಾಳದ ಸಾಲು, ಅದನ್ನ ಮಾಡತಾಳಂತ. ಅಳಿಲು ಬ್ಯಾಡಂತ, ಎತ್ತು ಬೇಕಂತ. ಎತ್ತಿನ ಮೈಗೆ ಬಾದಾಮಿ ಎಲಿ ಕತ್ತರಿಸಿ ಹಚ್ಚೂದು. ಎರಿ ನೆಲ ತೋರಸಾಕ ಏನು ಹಚ್ಚಲಿ? ಮಣ್ಣು ಹಚ್ಚಿದ್ವಿ, ಒಣಗಿದ ಕೂಡ್ಲೆ ಉದುರಾಕತ್ತೈತಿ. ಸಗಣಿ ಸಾರಿಸಿದ್ರ ಸಾಲ್ಯಾಗ ಏನರ ಅಂತಾರೇನು?

ಶಾಲಿ ಟೀಚರು

ನಾನಾದರೆ ಏನೂ ಅನ್ನುವುದಿಲ್ಲ. ಪೂರ್ತಿ ಒಣಗಿಸಿ ಕಳಿಸಿ ಅಷ್ಟೇ. ಹಸಿ ಇದ್ದರೆ ಉಳಿದ ಮಕ್ಕಳ ಹಾಳೆಗೂ ಅಂಟಿಕೊಳ್ಳುತ್ತದೆ.

ಹಾಳಿ ಮತ್ತ ಖಳಿ

ಮಣ್ಣು ಜರಡಿ ಹಿಡದು, ಫೆವಿಕಾಲ್ ನೀರಾಗ ಕಲಿಸಿ, ಬ್ರಷ್‌ಲೇ ಹಚ್ಚಿದ್ರ ಉದುರಂಗಿಲ್ಲ. ಹಾಳಿ ಮ್ಯಾಲೆ ಬ್ಯಾಡ, ರಟ್ಟಿನ ಮ್ಯಾಲೆ ಹಚ್ಚರಿ, ಹಾಳಿ ಸೊಟ್ಟ ಆಗತೈತಿ.

ನರಗುಂದದ ಮೊಮ್ಮಗಳು

ಸಗಣಿನೂ ನಡಿತೈತಿ ಅಕ್ಕಾ. ಸಗಣಿ, ಎರಿಮಣ್ಣು, ಸ್ವಲ್ಪ ಅಂಟು ಕೂಡಿಸಿ ತೆಳ್ಳಗ ಸಾರಸ್ರಿ, ದಪ್ಪ ಆದ್ರ ಬಿರಕ ಬಿಡತೈತಿ. ಎರಿ ಹೊಲ ಆದ್ರ ಬಿರಕ ಇದ್ರೂ ನಡಿತೈತಿ ಬಿಡ್ರಿ. ನೆರಳಾಗ ಒಣಗಸ್ರಿ, ಬಿಸಲಾಗ ಇಟ್ರ ರಟ್ಟು ಬಾಗತೈತಿ.

ಮೀನ ಸಾಕಾಂವ

ಎತ್ತಿಗೆ ಎಷ್ಟು ಬಾದಾಮಿ ಎಲಿ ಬೇಕಾಗತಾವ್ರಿ ಅಕ್ಕಾರ?